ರಾತ್ರಿ ಲೆನ್ಸಿನ ಶಿಯಾ ಚಿಕ್ಕಮ್ಮ

ಕರೆಂಟ್ ಕುಕ್ಕರಿನ ಮುಚ್ಚಳ ಎತ್ತಿದ್ದೇ ತಡ, ಆವಿ ಬಂದು ಶಿಯಾ ಅವರ ಕನ್ನಡಕಕ್ಕೆ ಬಡಿಯುತ್ತದೆ. ಎರಡೂ ಗಾಜು ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಮುಖವನ್ನೇ ಪಾತ್ರೆಗೆ ಇಳಿಸುವಷ್ಟು ಬಗ್ಗಿ ನೋಡುತ್ತಾರೆ. ಕೆಳಗೆ ಗಂಜಿ. ಗಂಜಿಯ ಮೇಲೆ ತೂತಿನ ತಟ್ಟೆ. ತಟ್ಟೆಯಲ್ಲಿ ಒಂದು ಉಪ್ಪುಮೊಟ್ಟೆ, ಅರ್ಧ ಸಿಹಿಗೆಣಸು, ಅವುಗಳ ನಡುವೆ ಒಂದು ಪಿಂಗಾಣಿ ಬಟ್ಟಲು. ಬಟ್ಟಲಿನಲ್ಲಿ ಎರಡು ಲೆನ್ಸು.

"ಮುಚ್ಚೇ ಅದನ್ನ! ಇನ್ನೂ ಸ್ವಿಚ್ಚು ಹಾರಿಲ್ಲ," ಎಂದು ಹಿಂದಿನಿಂದ ಹುಂಗ್ ಅಜ್ಜಿ ಕೂಗುತ್ತಾರೆ.

"ದೊಡ್ಡಮ್ಮಾ, ಇದೇನು ಮಾಡಿದ್ರಿ?"

"ಏನ್ ಮಾಡ್ದೆ? ರಾತ್ರಿ ಒಂದು ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದಿದ್ದನ್ನ ಮಗು ಕಣ್ಣಿಗೆ ಹಾಕ್ಲಾ? ಅದಕ್ಕೆ ಬೆಳಿಗ್ಗೆ ಗಂಜಿ ಜೊತೆ ಇಟ್ಟೆ. ಇವಳಪ್ಪನ ಹಾಲಿನ ಬಾಟ್ಲಿ ಬೇಯಿಸಿದ್ದೂ ಕುಕ್ಕರಲ್ಲೇ, ಇವಳದ್ದೂ ಕುಕ್ಕರಲ್ಲೇ. ಯಾರಿಗೂ ಒಂದು ದಿನ ಹೊಟ್ಟೆ ಕೆಡಲಿಲ್ಲ."

ಊಟದ ಮೇಜಿನ ಬಳಿ ಹತ್ತು ವರ್ಷದ ಯುತ್ಸೆನ್, ಅಜ್ಜಿ ಬಂದು ಸಮವಸ್ತ್ರದ ಗುಂಡಿ ಹಾಕಲಿ ಎಂದು ಗದ್ದ ಎತ್ತಿ ನಿಂತಿದ್ದಾಳೆ. ನಿನ್ನೆ ರಾತ್ರಿ ಲೆನ್ಸಿಲ್ಲದೆ ಮಲಗಿದವಳಿಗೆ ಗೋಡೆಯ ಗಡಿಯಾರ ಆಗಲೇ ಸ್ವಲ್ಪ ಮಸುಕು. ಅವಳ ತಮ್ಮ ಪಿನ್‌ಹಾವ್‌ಗೆ ಏಳು ವರ್ಷ. ಗೆಣಸಿಗೆ ಕಾದು ಕೂತವನು ಬಟ್ಟಲು ಬಡಿಯುತ್ತಾ ಹಾಡುತ್ತಾನೆ: "ಅಕ್ಕನ ಕಣ್ಣು ಬೆಂದೋಯ್ತು, ಅಕ್ಕನ ಕಣ್ಣು ಬೆಂದೋಯ್ತು!"

ಶಿಯಾ ಒಂದು ಲೆನ್ಸನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ನಿನ್ನೆಯವರೆಗೆ ಪುಟ್ಟ ಬಟ್ಟಲಿನಂತಿದ್ದದ್ದು ಈಗ ಒಣಗಿದ ಮೀನಿನ ಹುರುಪೆಯ ಹಾಗೆ ಒಂದು ಕಡೆ ಸೊಟ್ಟಗಾಗಿದೆ.

"ಕೆಟ್ಟೋಯ್ತಾ?" ಅಜ್ಜಿಯ ದನಿ ಸಣ್ಣದಾಗುತ್ತದೆ.

"ಕೆಟ್ಟೋಯ್ತು ದೊಡ್ಡಮ್ಮ."

"ಕಲ್ಲಿನ ಹಾಗೆ ಗಟ್ಟಿ ಇತ್ತಲ್ಲೇ!" ಅಜ್ಜಿ ಮತ್ತೆ ದನಿ ಏರಿಸುತ್ತಾರೆ. "ಒಂದು ಗಂಜಿ ಬೇಯೋಷ್ಟು ಬಿಸಿ ತಡ್ಕೊಳ್ಳದೇ ಇರೋದನ್ನ ಮಗು ಕಣ್ಣಲ್ಲಿ ರಾತ್ರಿಯೆಲ್ಲಾ ಇಡಿಸ್ತೀರಲ್ಲ, ಎಂಥ ಡಾಕ್ಟ್ರೇ ನಿಮ್ಮವರು?"

ಯುತ್ಸೆನ್ ಬೆಂಚಿನ ಕೆಳಗಿರುವ ತನ್ನ ದಪ್ಪ ಕೈಗವಸನ್ನು, ಸಾಫ್ಟ್‌ಬಾಲ್ ಹಿಡಿಯುವ ಕೈಗವಸನ್ನು, ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳುತ್ತಾಳೆ.

ಚಿಯೆನ್ ಯುವೆ-ಶಿಯಾ ಅವರಿಗೆ ಐವತ್ತನಾಲ್ಕು. ತುಂಗ್‌ಕಾಂಗ್ ಬಂದರಿನ ಹಿಂಬದಿಯ ಬೀದಿಯಲ್ಲಿ, ಬಲೆ ರಿಪೇರಿ ಅಂಗಡಿಗೂ ಸೋಯಾ ಹಾಲಿನ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಕಣ್ಣಿನ ಕ್ಲಿನಿಕ್ಕಿನಲ್ಲಿ ಅವರು ಸಹಾಯಕಿ. ಮಕ್ಕಳಿಗೆ ಶಿಯಾ ಚಿಕ್ಕಮ್ಮ. ದೊಡ್ಡವರಲ್ಲಿ ಹೆಸರು ಗೊತ್ತಿರುವವರು ಕಡಿಮೆ. "ಲೆನ್ಸಿನವಳು ಬಂದ್ಲು, ಬಾಗಿಲು ತೆಗಿ" ಎನ್ನುತ್ತಾರೆ, ಗ್ಯಾಸಿನವನು ಬಂದ ಎನ್ನುವ ಹಾಗೆ.

ಅವರ ಕೆಲಸ, ರಾತ್ರಿ ಲೆನ್ಸನ್ನು ಹಾಕುವುದು ತೆಗೆಯುವುದು ಹೇಗೆಂದು ಮಕ್ಕಳಿಗೆ ಕಲಿಸುವುದು. ದೂರದ್ದು ಮಸುಕಾಗಿ ಕಾಣುವ ಮಕ್ಕಳು ಮಲಗುವ ಮುಂಚೆ ಈ ಗಟ್ಟಿ ಲೆನ್ಸನ್ನು ಕಣ್ಣಿಗೆ ಇಟ್ಟುಕೊಳ್ಳುತ್ತಾರೆ. ಅದು ರಾತ್ರಿಯಿಡೀ ಕಣ್ಣಿನ ಮುಂಭಾಗವನ್ನು ಮೆಲ್ಲಗೆ ಒತ್ತಿ ತಿದ್ದುತ್ತದೆ. ಬೆಳಿಗ್ಗೆ ತೆಗೆದರೆ ಹಗಲು ಪೂರ್ತಿ ಕನ್ನಡಕ ಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ವರ್ಷದಿಂದ ವರ್ಷಕ್ಕೆ ನಂಬರು ಏರುವ ಓಟ ನಿಧಾನವಾಗುತ್ತದೆ. ಬಿಟ್ಟರೆ ಕಣ್ಣು ನಾಲ್ಕು ದಿನದಲ್ಲಿ ತನ್ನ ಹಳೆಯ ಚಾಳಿಗೆ ಮರಳುತ್ತದೆ.

ಕ್ಲಿನಿಕ್ಕಿನ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಲೆನ್ಸು ಕಣ್ಣಿನಿಂದ ಹೊರಗೆ ಬರಬೇಕಾದ್ದು ಶಾಲೆಗೆ ಹೊರಡುವ ಮುಂಚೆ. ಹೊಸದಾಗಿ ಹಾಕುವ ಮಕ್ಕಳಲ್ಲಿ ಅದು ಬೆಳಗಾಗುವಷ್ಟರಲ್ಲಿ ಕಣ್ಣಿಗೆ ಕಚ್ಚಿಕೊಂಡಿರುತ್ತದೆ. ಮಗು ಅಳುತ್ತದೆ, ಮನೆಯವರು ಗಾಬರಿಯಾಗಿ ಕೆರೆಯುತ್ತಾರೆ. ಆದ್ದರಿಂದ ಮೊದಲ ಕೆಲವು ವಾರ ಶಿಯಾ ಬೆಳಗಿನ ಜಾವವೇ ಸ್ಕೂಟರ್ ಹತ್ತಿ ಅಂಥ ಮನೆಗಳಿಗೆ ಹೋಗುತ್ತಾರೆ. ದಿನಕ್ಕೆ ನಾಲ್ಕೈದು ಮನೆ. ಯಾರೂ ಹೇಳಿ ಮಾಡಿಸುವುದಲ್ಲ. ಡಾಕ್ಟರ್ ಯೆನ್‌ಗೆ ಇದು ಗೊತ್ತಾಗಿ ಕೇಳಿದಾಗ, "ಮೀನು ತರೋಕೆ ಹೋಗಿದ್ದೆ, ದಾರೀಲಿ ಮನೆ ಸಿಕ್ತು," ಎಂದಿದ್ದರಂತೆ. ಯಾವ ಮೀನು ಎಂದು ಡಾಕ್ಟರ್ ಕೇಳಲಿಲ್ಲ.

ನಲವತ್ತು ದಾಟುವವರೆಗೆ ಶಿಯಾ ಸೀಗಡಿ ಆರಿಸುತ್ತಿದ್ದರು. ಈ ಕಡಲಿನ ಗುಲಾಬಿ ಸೀಗಡಿ ಕಿರುಬೆರಳಿಗಿಂತ ಚಿಕ್ಕದು. ಮೀಸೆ ಮುರಿದರೆ ಅದನ್ನು ಬೇರೆ ಬುಟ್ಟಿಗೆ ಹಾಕುತ್ತಾರೆ. "ಸೀಗಡಿಗೆ ನೋವಾಗುತ್ತೆ ಅಂತಲ್ಲ, ಮೇಸ್ತ್ರಿ ಬೈತಾನೆ ಅಂತ ಮೆತ್ತಗೆ ಹಿಡೀತಿದ್ದೆ," ಎಂದು ನಗುತ್ತಾರೆ. "ಮಕ್ಕಳ ರೆಪ್ಪೆ ಹಿಡಿಯೋಕೆ ಅದೇ ಕೈ ಸಾಕಾಯ್ತು. ಮಕ್ಕಳು ಸೀಗಡಿಗಿಂತ ಜಾಸ್ತಿ ಒದೀತಾರೆ, ಅಷ್ಟೇ."

ಅವರ ಸ್ವಂತ ಕಣ್ಣಿನ ಕಥೆ ಅಷ್ಟು ಹಗುರಲ್ಲ. ಅಪ್ಪ ದೋಣಿಯವರು. ದೂರದಲ್ಲಿ ಹಕ್ಕಿಗಳು ಸುತ್ತುವುದನ್ನು ನೋಡಿಯೇ ಅಲ್ಲಿ ಟ್ಯೂನ ಮೀನು ಇದೆ ಎನ್ನುತ್ತಿದ್ದರು. ಮಗಳು "ಹಕ್ಕಿ ಎಲ್ಲಿ?" ಎಂದು ಕೇಳಿದರೆ "ಸೋಮಾರಿ, ಕಣ್ಣು ಬಿಟ್ಟು ನೋಡು" ಎಂದು ಬೈಗುಳ. ಕಡಲಿನ ಆಚೆ ಅಂಚು ಎಲ್ಲರಿಗೂ ಮಂಜಾಗಿಯೇ ಕಾಣುತ್ತದೆ, ದೊಡ್ಡವರು ಊಹೆಯ ಮೇಲೆ ಮಾತಾಡುತ್ತಾರೆ ಎಂದು ಶಿಯಾ ಹದಿನೈದು ವರ್ಷದವರೆಗೂ ನಂಬಿದ್ದರು. ಕನ್ನಡಕ ಬಂದಾಗ ಅದು ಬಾಟಲಿಯ ತಳದಷ್ಟು ದಪ್ಪವಿತ್ತು. ನಲವತ್ತೊಂದರಲ್ಲಿ ಎಡಗಣ್ಣಿನ ಒಳಗಿನ ಪರದೆ ಹರಿಯಿತು. ಆಪರೇಷನ್ ಮಾಡಿ ಉಳಿಸಿದರು. ಆದರೂ ಆ ಕಣ್ಣಿನ ಒಂದು ಮೂಲೆಯಲ್ಲಿ ಇವತ್ತಿಗೂ ಏನೂ ಇಲ್ಲ. "ಕಪ್ಪು ಅಂತಲೂ ಅಲ್ಲ," ಎನ್ನುತ್ತಾರೆ. "ಏನೂ ಇಲ್ಲ, ಅಷ್ಟೇ. ಆ ಕಡೆಯಿಂದ ಯಾರಾದ್ರೂ ಬಂದ್ರೆ ಬೆಚ್ಚಿಬೀಳ್ತೀನಿ."

"ನಂಬರು ಏರೋದು ಅಂದ್ರೆ ದಪ್ಪ ಗಾಜು ಅಂತ ಮಾತ್ರ ಜನ ಅಂದ್ಕೋತಾರೆ. ಗಾಜಾದ್ರೆ ಏನು, ಹಾಕ್ಕೊಂಡ್ರೆ ಆಯ್ತು. ಕಣ್ಣು ಒಳಗೊಳಗೇ ಉದ್ದ ಆಗ್ತಾ ಹೋಗುತ್ತೆ. ಪರದೆ ಹಿಗ್ಗಿ ಹಿಗ್ಗಿ ತೆಳ್ಳಗಾಗುತ್ತೆ. ಅದು ಯಾರಿಗೂ ಕಾಣಲ್ಲ. ನನಗೂ ಕಾಣಲಿಲ್ಲ."

ಈ ಊರಿನಲ್ಲಿ ಈಗ ಎರಡು ಮೂರು ಅಜ್ಜಿಯರು ಸೇರಿದರೆ ಮಾತು ಏಡಿಯ ಬೆಲೆಯಿಂದ ಶುರುವಾಗಿ ಮೊಮ್ಮಕ್ಕಳ ಕಣ್ಣಿಗೆ ಬಂದು ನಿಲ್ಲುತ್ತದೆ. ಹನಿಯಾ, ಲೆನ್ಸಾ, ನಂಬರು ನಿಧಾನವಾಗಲೆಂದು ಗಾಜಿನಲ್ಲಿ ಉಂಗುರ ಉಂಗುರ ಮಾಡಿರುವ ಕನ್ನಡಕವಾ? ಹುಂಗ್ ಅಜ್ಜಿಯ ಮನೆಯಲ್ಲೇ ಎರಡು ಪಕ್ಷ ಇದೆ. ಅಕ್ಕನಿಗೆ ಲೆನ್ಸು, ತಮ್ಮನಿಗೆ ಮಲಗುವ ಮುಂಚೆ ಅಟ್ರೋಪಿನ್ ಎಂಬ ಕಣ್ಣಿನ ಹನಿ. ಮಕ್ಕಳ ಅಪ್ಪ ದೂರದ ಸಮುದ್ರದ ಟ್ಯೂನ ಹಡಗಿನಲ್ಲಿದ್ದಾನೆ. ಅಮ್ಮ ಕಾವೊಶಿಯುಂಗಿನ ಕಾರ್ಖಾನೆಯಿಂದ ಭಾನುವಾರ ಮಾತ್ರ ಬರುತ್ತಾಳೆ. ಹಾಗಾಗಿ ತೀರ್ಪುಗಾರ್ತಿ ಅಜ್ಜಿಯೇ.

"ಹನಿ ಒಳ್ಳೇದು," ಎನ್ನುತ್ತಾರೆ ಅಜ್ಜಿ. "ಬುಡ್ಡಿ ಒತ್ತಿದ್ರೆ ಆಯ್ತು. ನೆಲಕ್ಕೆ ಬಿದ್ರೂ ಬುಡ್ಡಿಗೆ ಏನೂ ಆಗಲ್ಲ."

"ನನಗೆ ಬಿಸಿಲು ಚುಚ್ಚುತ್ತೆ," ಎನ್ನುತ್ತಾನೆ ಪಿನ್‌ಹಾವ್.

"ಟೋಪಿ ಹಾಕ್ಕೋ."

"ಟೋಪಿ ಕೆಳಗಿಂದಾನೂ ಚುಚ್ಚುತ್ತೆ."

ಹನಿ ಬಿದ್ದ ಕಣ್ಣಿನ ಪಾಪೆ ಅಗಲವಾಗಿಯೇ ಉಳಿಯುತ್ತದೆ. ಕೆಲವು ಮಕ್ಕಳಿಗೆ ಅದು ಗೊತ್ತೇ ಆಗುವುದಿಲ್ಲ, ಪಿನ್‌ಹಾವ್‌ನಂಥವರಿಗೆ ಸಹಿಸಲಾಗುವುದಿಲ್ಲ. ಬಯಲಿನ ಬೆಳಕು ಎಳೆಯ ಕಣ್ಣಿಗೆ ಒಳ್ಳೆಯದೆಂದು ಶಾಲೆಯಲ್ಲಿ ವಿರಾಮದ ಗಂಟೆ ಹೊಡೆದ ಕೂಡಲೇ ಎಲ್ಲರನ್ನೂ ಹೊರಗಟ್ಟಿ ತರಗತಿಯ ದೀಪ ಆರಿಸುತ್ತಾರೆ. ಹೊರಗೆ ಹೋಗು ಎಂದು ಶಾಲೆ, ಒಳಗೆ ಬಾ ಎಂದು ಕಣ್ಣು. ಪಿನ್‌ಹಾವ್ ಆಲದ ಮರದ ನೆರಳಿನಲ್ಲಿ ಹಗಲಿನ ಗೂಬೆಯ ಹಾಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾನೆ. ಆದರೂ ಕಳೆದ ಅಳತೆಯಲ್ಲಿ ಅವನ ಕಣ್ಣು ಹೆಚ್ಚು ಬೆಳೆದಿರಲಿಲ್ಲ. ಅಜ್ಜಿ ಅದನ್ನು ಮೀನು ಮಾರುಕಟ್ಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಯಾವುದು ಒಳ್ಳೆಯದು ಎಂದು ಕೇಳಿದರೆ ಡಾಕ್ಟರ್ ಯೆನ್ ಸುತ್ತಿಬಳಸುವುದಿಲ್ಲ. "ಎಲ್ಲವೂ ನಿಧಾನ ಮಾಡ್ತವೆ, ಯಾವುದೂ ನಿಲ್ಲಿಸಲ್ಲ. ನಿಮ್ಮ ಮಗುವಿಗೆ ಯಾವುದು ಹೆಚ್ಚು ಹಿಡಿಯುತ್ತೆ ಅಂತ ಮೊದಲೇ ಹೇಳೋಕೆ ನನಗೂ ಬರಲ್ಲ. ಹಾಕಿ ನೋಡಬೇಕು, ಅಳೀಬೇಕು, ಆಗದಿದ್ರೆ ಬದಲಾಯಿಸಬೇಕು." ಬಂದವರು ಹೊರಗೆ ಬಂದು ಅದನ್ನೇ ಶಿಯಾ ಅವರನ್ನು ಮತ್ತೆ ಕೇಳುತ್ತಾರೆ. ಶಿಯಾ ತಿರುಗಿ ಪ್ರಶ್ನೆ ಹಾಕುತ್ತಾರೆ. ರಾತ್ರಿ ಮಗು ಎಷ್ಟು ಹೊತ್ತಿಗೆ ಮಲಗುತ್ತೆ? ಟ್ಯೂಷನ್ ಮುಗಿಸಿ ಹತ್ತೂವರೆಗೆ ಬರುತ್ತಾ? ಹಾಗಾದ್ರೆ ಲೆನ್ಸಿಗೆ ನಿದ್ದೆ ಸಾಲದು. ಮನೇಲಿ ಕೈ ತೊಳೆಯೋ ಅಭ್ಯಾಸ ಹೇಗೆ? ಕನ್ನಡಕ ಹಾಕ್ಕೊಂಡೇ ಇರ್ತಾನಾ, ಇಲ್ಲಾ ಬ್ಯಾಗಲ್ಲಿ ಇಡ್ತಾನಾ? "ನಾನು ಕೇಳೋದು ಕಣ್ಣಿನ ವಿಷಯ ಅಲ್ಲ, ಮನೆ ವಿಷಯ. ವರ್ಷಗಟ್ಟಲೆ ದಿನಾ ರಾತ್ರಿ ಮಾಡಬೇಕಾದ ಕೆಲಸ ಇದು. ಬೇಜಾರಾದ ದಿನವೂ ಮಾಡಬೇಕು."

ಯುತ್ಸೆನ್ ಮೊದಲು ಹನಿ ಹಾಕಿಕೊಂಡವಳೇ. ಅವಳು ಶಾಲೆಯ ಸಾಫ್ಟ್‌ಬಾಲ್ ತಂಡದ ಕ್ಯಾಚರ್, ಬ್ಯಾಟು ಬೀಸುವವರ ಹಿಂದೆ ಕೂತು ಚೆಂಡು ಹಿಡಿಯುವವಳು. ಬ್ಯಾಟಿಗೆ ತಾಗಿ ನೆಟ್ಟಗೆ ಮೇಲೇರಿದ ಚೆಂಡನ್ನು ಮುಖವಾಡ ಕಿತ್ತೆಸೆದು ಆಕಾಶ ನೋಡುತ್ತಾ ಹಿಡಿಯಬೇಕು. ಹನಿ ಹಾಕಿದ ಕಣ್ಣಿಗೆ ಆ ಚೆಂಡು ಬೆಳಕಿನಲ್ಲಿ ಕರಗಿಹೋಗುತ್ತಿತ್ತು. ಒಂದು ಸಲ ಮೂಗಿನ ಮೇಲೇ ಬಿತ್ತು. ಕನ್ನಡಕವಾದರೆ ಮುಖವಾಡದೊಳಗೆ ಬೆವರಿಗೆ ಮಂಜು ಹಿಡಿಯುತ್ತದೆ. ಲೆನ್ಸು ಬಂದ ಮೇಲೆ ಹಗಲು ಅವಳದ್ದಾಯಿತು. ಆ ಲೆನ್ಸು ಈಗ ಗಂಜಿಯ ಮೇಲೆ ಬೆಂದಿದೆ.

ಅದೇ ದಿನ ಸಂಜೆ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಯೆನ್ ಸೊಟ್ಟ ಲೆನ್ಸನ್ನು ನೋಡಿ ನಗುವುದಿಲ್ಲ.

"ನೆಲಕ್ಕೆ ಬಿದ್ದಾಗ ನಲ್ಲಿ ನೀರಲ್ಲಿ ತೊಳೆದು ಹಾಕಿದ್ರೆ ಏನಾಗ್ತಿತ್ತು ಗೊತ್ತಾ, ಶಿಯಾ ಅಕ್ಕ?"

"ಗೊತ್ತು."

"ಕುಕ್ಕರಾದ್ರೆ ಲೆನ್ಸು ಹಾಳು. ನಲ್ಲಿ ನೀರಾದ್ರೆ ಅದರೊಳಗಿನ ಕ್ರಿಮಿಯಿಂದ ಕಣ್ಣೇ ಹಾಳಾಗಬಹುದು. ಆ ಮನೇಲಿ ಲೆನ್ಸು ಬೇಡ. ಹನಿಗೆ ವಾಪಸ್ ಹೋಗೋಣ."

ಡಾಕ್ಟರ್ ಹೇಳುವುದು ಸರಿ ಎಂದು ಶಿಯಾ ಅವರಿಗೂ ಗೊತ್ತು. ಹೊರಗಿನ ಬೆಂಚಿನಲ್ಲಿ ಯುತ್ಸೆನ್ ಅಜ್ಜಿಯ ಪಕ್ಕದಲ್ಲಿ ಕೂತು ಕಾಯುತ್ತಿದ್ದಾಳೆ. ಅಜ್ಜಿ ಜಂಬು ಹಣ್ಣಿನ ಬೀಜ ತೆಗೆದು, ಹೋಳು ಮಾಡಿ, ಅವಳ ಬಾಯಿಗೇ ಇಡುತ್ತಿದ್ದಾರೆ. ಹುಡುಗಿ ಕೈ ಎತ್ತುವುದಿಲ್ಲ, ಬಾಯಿ ಮಾತ್ರ ತೆರೆಯುತ್ತಾಳೆ.

"ಡಾಕ್ಟ್ರೇ," ಎನ್ನುತ್ತಾರೆ ಶಿಯಾ, "ಆ ಮನೇಲಿ ಲೆನ್ಸು ಹಾಕೋದು ಅಜ್ಜಿ, ತೊಳೆಯೋದು ಅಜ್ಜಿ, ತೆಗೆಯೋಕೆ ನಾನು. ಆ ಹುಡುಗಿ ತನ್ನ ಕಣ್ಣನ್ನ ಮುಟ್ಟೇ ಇಲ್ಲ. ತಪ್ಪು ನನ್ನದೂ ಇದೆ. ಅಳ್ತಾಳೆ ಅಂತ ದಿನಾ ನಾನೇ ತೆಗೆದೆ. ಅವಳೇ ಕಲಿತರೆ?"

ಡಾಕ್ಟರ್ ಬಹಳ ಹೊತ್ತು ಪೆನ್ನು ತಿರುಗಿಸುತ್ತಾರೆ. ಕೊನೆಗೆ ಒಪ್ಪಂದವಾಗುತ್ತದೆ. ಅಳತೆ ನೋಡಲು ಕ್ಲಿನಿಕ್ಕಿನಲ್ಲಿಟ್ಟಿರುವ ಪ್ರಯೋಗದ ಜೋಡಿಗಳಲ್ಲಿ ಯುತ್ಸೆನ್‌ಗೆ ಹೊಂದುವ ಒಂದನ್ನು ಮೂರು ವಾರ ಕೊಡುವುದು. ಅಷ್ಟರೊಳಗೆ ತೊಳೆಯುವುದು, ಹಾಕುವುದು, ತೆಗೆಯುವುದು ಎಲ್ಲವನ್ನೂ ಅವಳೊಬ್ಬಳೇ ಡಾಕ್ಟರ್ ಎದುರು ಮಾಡಿ ತೋರಿಸಬೇಕು. ಮಾಡಿ ತೋರಿಸಿದರೆ ಹೊಸ ಲೆನ್ಸು. ಆಗದಿದ್ದರೆ ಹನಿ. ಹನಿಯಾದರೆ ಮೈದಾನದಲ್ಲಿ ಕ್ಯಾಚರ್ ಜಾಗ ಬೇರೆಯವಳಿಗೆ.

ಮುಂದಿನ ಬೆಳಗುಗಳಲ್ಲಿ ಶಿಯಾ ಅವರಿಗೆ ಕಷ್ಟವಾದದ್ದು ಹುಡುಗಿಯಿಂದಲ್ಲ, ಅಜ್ಜಿಯಿಂದ.

"ದೊಡ್ಡಮ್ಮ, ನೀವು ಬಚ್ಚಲುಮನೆ ಹೊರಗೆ ನಿಲ್ಲಿ."

"ನಾನೇನು ಕಾವಲು ನಾಯಿನಾ?"

"ಸರಿ, ಕೂತ್ಕೊಳ್ಳಿ. ಒಳಗೆ ಮಾತ್ರ ಬರಬೇಡಿ."

"ನನ್ನ ಮನೆ ಬಚ್ಚಲಿಗೆ ನಾನು ಬರಬಾರ್ದಾ? ಅವಳು ಅಳ್ತಿದಾಳೆ ಕಣೇ, ಕೇಳಿಸ್ತಿಲ್ವಾ ನಿನಗೆ?"

"ಕೇಳಿಸ್ತಿದೆ. ಅಳಲಿ."

"ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ!"

ಶಿಯಾ ಅವರಿಗೆ ಮಕ್ಕಳಿಲ್ಲ. ಅಜ್ಜಿಗೆ ಮಾತು ಜಾರಿದ್ದು ತಕ್ಷಣ ತಿಳಿಯುತ್ತದೆ. ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಮೀನಿನ ಗಂಜಿ, ಮೇಲೆ ತುಂಬ ಶುಂಠಿ ಹಾಕಿ, ತಂದು ಬಚ್ಚಲ ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ. ಶಿಯಾ ಅದನ್ನು ನಿಂತೇ ತಿಂದು ಮುಗಿಸುತ್ತಾರೆ. ಇಬ್ಬರೂ ಆ ಮಾತನ್ನು ಮತ್ತೆ ಎತ್ತುವುದಿಲ್ಲ.

ಒಳಗೆ ಪಾಠ ನಡೆಯುತ್ತದೆ. ಮೊದಲು ಬರಿ ಕೈ ತೊಳೆಯುವುದು. ಉಗುರು ಕತ್ತರಿಸುವುದು. ಆಮೇಲೆ ತೊಳೆದ ಬೆರಳಿನ ತುದಿಯನ್ನು ಕಣ್ಣಿನ ಬಿಳಿಯ ಭಾಗಕ್ಕೆ ತಾಗಿಸಿ ಹಿಂದೆ ತೆಗೆಯುವುದು. ಇಷ್ಟಕ್ಕೇ ಮೊದಲ ದಿನಗಳು ಮುಗಿಯುತ್ತವೆ.

"ಬೆರಳು ಬರ್ತಿದ್ದ ಹಾಗೆ ಕಣ್ಣು ತಾನೇ ಮುಚ್ಕೊಳ್ಳುತ್ತೆ ಚಿಕ್ಕಮ್ಮ, ನಾನು ಮುಚ್ಚಲ್ಲ."

"ಚೆಂಡು ಬರುವಾಗ ಮುಚ್ಕೊಳ್ಳುತ್ತಾ?"

"ಅದು ಬೇರೆ."

"ಹೆಂಗೆ ಬೇರೆ?"

"ಚೆಂಡು ಹಿಡೀಬೇಕು ಅಂತ ನನಗೇ ಇರುತ್ತೆ."

ಶಿಯಾ ಕನ್ನಡಿಯಲ್ಲಿ ಹುಡುಗಿಯ ಮುಖ ನೋಡುತ್ತಾ, ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. "ನನಗೆ ಆ ಮೂರು ವಾರ ಅದೇ ದೊಡ್ಡ ಕೆಲಸ," ಎಂದು ಆಮೇಲೆ ಹೇಳುತ್ತಾರೆ. "ಎರಡು ಸೆಕೆಂಡಲ್ಲಿ ತೆಗೆದುಬಿಡಬಹುದು ಅಂತ ಗೊತ್ತಿದ್ದೂ ಕೈ ಕಟ್ಕೊಂಡು ನಿಲ್ಲೋದು. ಆ ದೊಡ್ಡಮ್ಮನಿಗೆ ಬೈತೀನಿ, ಆದ್ರೆ ನನ್ನ ಕೈಯೂ ತುರಿಸ್ತಾನೇ ಇತ್ತು."

ಮೂರನೇ ವಾರದ ಕೊನೆಗೆ, ಶುಕ್ರವಾರ ಸಂಜೆ, ನಾಲ್ವರೂ ಡಾಕ್ಟರ್ ಯೆನ್ ಅವರ ಕೋಣೆಯಲ್ಲಿದ್ದಾರೆ. ಹುಂಗ್ ಅಜ್ಜಿ ಹಬ್ಬಕ್ಕೆ ಹೋಗುವ ಹಾಗೆ ತಲೆ ಬಾಚಿ, ಕಸೂತಿಯ ಅಂಗಿ ತೊಟ್ಟು ಬಂದಿದ್ದಾರೆ. ಯುತ್ಸೆನ್ ಆಟದ ಮೈದಾನದಿಂದ ನೇರ ಬಂದವಳು, ಮೊಣಕಾಲಿನಲ್ಲಿ ಕೆಂಪು ಮಣ್ಣು. ಶಿಯಾ ಬಾಗಿಲ ಬಳಿ ನಿಂತಿದ್ದಾರೆ.

ಹುಡುಗಿ ಕೈ ತೊಳೆಯುತ್ತಾಳೆ. ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟು. ಡಾಕ್ಟರ್ ತಲೆಯಾಡಿಸುತ್ತಾರೆ. ಎಡಗಣ್ಣಿಗೆ ಲೆನ್ಸು ಒಂದೇ ಸಲಕ್ಕೆ ಕೂರುತ್ತದೆ. ಬಲಗಣ್ಣಿಗೆ ಎರಡನೇ ಸಲಕ್ಕೆ. ಡಾಕ್ಟರ್ ದೀಪದ ಯಂತ್ರದಲ್ಲಿ ನೋಡಿ, "ಸರಿಯಾಗಿ ಕೂತಿದೆ. ತೆಗಿ," ಎನ್ನುತ್ತಾರೆ.

ರೆಪ್ಪೆಗಳ ಅಂಚನ್ನು ಬೆರಳಿನಿಂದ ಒತ್ತಿದ್ದೇ ಎಡಗಣ್ಣಿನದ್ದು ಟಪ್ಪನೆ ಅಂಗೈಗೆ ಬೀಳುತ್ತದೆ. ಅಜ್ಜಿ ಚಪ್ಪಾಳೆ ತಟ್ಟಲು ಹೋಗಿ ಸುತ್ತ ನೋಡಿ ಕೈ ಇಳಿಸುತ್ತಾರೆ.

ಬಲಗಣ್ಣಿನದ್ದು ಬರುವುದಿಲ್ಲ. ರೆಪ್ಪೆ ಒತ್ತಿದಾಗ ಲೆನ್ಸು ಜಾರಿ ಕಣ್ಣಿನ ಬಿಳಿಯ ಕಡೆಗೆ, ಮೂಗಿನ ಪಕ್ಕಕ್ಕೆ ಸರಿದು ಕಚ್ಚಿಕೊಳ್ಳುತ್ತದೆ. ಯುತ್ಸೆನ್ ಮತ್ತೆ ಒತ್ತುತ್ತಾಳೆ. ಇನ್ನಷ್ಟು ಒಳಗೆ ಹೋಗುತ್ತದೆ. ಕಣ್ಣಿನಿಂದ ನೀರು ಕೆನ್ನೆಗೆ, ಕೆನ್ನೆಯಿಂದ ಕುತ್ತಿಗೆಗೆ ಇಳಿಯುತ್ತದೆ.

"ಕೆಂಪಾಯ್ತು, ನೋಡೇ, ಕೆಂಪಾಯ್ತು!" ಅಜ್ಜಿ ಎದ್ದೇ ಬಿಡುತ್ತಾರೆ. ಶಿಯಾ ಅಜ್ಜಿಯ ತೋಳು ಹಿಡಿದು ಮತ್ತೆ ಕೂರಿಸುತ್ತಾರೆ.  

ಲೆನ್ಸು ಸಡಿಲವಾಗಲೆಂದು ಹುಡುಗಿ ತೇವದ ಹನಿ ಹಾಕಿಕೊಂಡು ಕಾಯುತ್ತಾಳೆ, ಕಲಿಸಿದ ಹಾಗೆಯೇ. ಮೇಲೆ, ಕೆಳಗೆ, ಪಕ್ಕಕ್ಕೆ ಕಣ್ಣು ಹೊರಳಿಸುತ್ತಾಳೆ. ಲೆನ್ಸು ಮಿಸುಕುವುದಿಲ್ಲ. ಇನ್ನೊಮ್ಮೆ ಹನಿ. ಮತ್ತೆ ಕಾಯುವುದು. 

ಡಾಕ್ಟರ್ ಯೆನ್ ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಅವರ ದನಿ ಮೆತ್ತಗಾಗಿದೆ. "ಸಾಕು ಪುಟ್ಟಿ. ಇದು ಎಲ್ಲರಿಗೂ ಆಗುತ್ತೆ, ನೀನು ಸೋತೆ ಅಂತ ಅಲ್ಲ. ಇವತ್ತು ಶಿಯಾ ಅಕ್ಕ ತೆಗೆದುಕೊಡ್ಲಿ. ಮುಂದಿನ ವಾರ ಬಾ, ಮತ್ತೆ ನೋಡೋಣ."

ಶಿಯಾ ಬೇಸಿನ್ನಿನ ಹತ್ತಿರ ಹೋಗುತ್ತಾರೆ. ಕೈ ತೊಳೆದು, ಒರೆಸಿ, ಹುಡುಗಿಯ ಎದುರಿನ ಸ್ಟೂಲಿನಲ್ಲಿ ಕೂರುತ್ತಾರೆ. ಇಷ್ಟು ದಿನ ಬೆನ್ನ ಹಿಂದಿದ್ದ ಕೈ ಮುಂದಕ್ಕೆ ಬರುತ್ತದೆ.

"ಬಾ ಮಗಳೇ. ಮೇಲೆ ನೋಡು."

ಯುತ್ಸೆನ್ ಮೇಲೆ ನೋಡುವುದಿಲ್ಲ. ಒಂದು ಕಣ್ಣು ಕೆಂಪಗೆ, ಒಂದು ಕಣ್ಣು ಬೆಳ್ಳಗೆ, ಕನ್ನಡಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ.

"ಬೇಡ ಚಿಕ್ಕಮ್ಮ. ಇದನ್ನ ಯಾರೂ ಮುಟ್ಟಬೇಡಿ."